ಹಳೇ ಡೆಸ್ಕ್‌ಟಾಪ್: ಬಿಚ್ಚಿ ಮಾರೋದಾ, ಇಡಿಯಾಗಿ ಮಾರೋದಾ?

ಪ್ರಶ್ನೆ: ಅಣ್ಣಾ, ಹಾಸನದಲ್ಲಿ ನಮ್ಮ ತಂದೆ ನಡೆಸುತ್ತಿದ್ದ ಟೈಪಿಂಗ್ ಸೆಂಟರ್ ಮುಚ್ಚಿದೆವು. 9 ಡೆಸ್ಕ್‌ಟಾಪ್ ಉಳಿದಿವೆ. ಎಲ್ಲವೂ ಇಂಟೆಲ್ ಥರ್ಡ್ ಜನರೇಷನ್ ಐ5 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಆರು ಆನ್ ಆಗುತ್ತವೆ, ಮೂರು ಆಗಲ್ಲ. ಗುಜರಿಯವರು ತೂಕಕ್ಕೆ ಕೇಳ್ತಿದ್ದಾರೆ. ಬಿಚ್ಚಿ ಬಿಡಿಯಾಗಿ ಮಾರಿದರೆ ಜಾಸ್ತಿ ಸಿಗುತ್ತಾ?

ಉತ್ತರ: ತೂಕಕ್ಕೆ ಮಾತ್ರ ಕೊಡಬೇಡಿ. ಆನ್ ಆಗುವ ಆರನ್ನು ಬಿಚ್ಚಲೂ ಬೇಡಿ. ಇಷ್ಟು ಹಳೇ ಪ್ರೊಸೆಸರ್ ಬಿಡಿಯಾಗಿ ಕೇಳುವವರು ಕಡಿಮೆ, ಓಡುವ ಮಷೀನ್ ಕೇಳುವವರು ಇದ್ದೇ ಇದ್ದಾರೆ. ಬಿಲ್ ಹಾಕುವ ಅಂಗಡಿಗೆ, ಮಕ್ಕಳು ಟೈಪಿಂಗ್ ಕಲಿಯೋಕೆ ಇವು ಧಾರಾಳ ಸಾಕು.

ಕೊಳ್ಳುವವರಿಗೆ ಒಂದು ವಿಷಯ ಮೊದಲೇ ಹೇಳಿಬಿಡಿ. ಇಂಟೆಲ್‌ನಲ್ಲಿ ಎಂಟನೇ ಜನರೇಷನ್‌ಗಿಂತ ಹಳೆಯ ಬಹುತೇಕ ಪ್ರೊಸೆಸರ್‌ಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗಲ್ಲ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ, ಓಡಿಸಿ ತೋರಿಸಿ ಕೊಡಿ.

ಆನ್ ಆಗದ ಮೂರನ್ನು ಸತ್ತವು ಅಂತ ಈಗಲೇ ಬರೆದುಹಾಕಬೇಡಿ. ರ‍್ಯಾಮ್ ಕಿತ್ತು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಹಾಕಿ. ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಬದಲಿಸಿ. ನನ್ನ ಅಂಗಡಿಯಲ್ಲಿ ಎಷ್ಟೋ ಮಷೀನ್‌ಗಳು ಇಷ್ಟಕ್ಕೇ ಎದ್ದಿವೆ. ಆಗಲೂ ಏಳದಿದ್ದರೆ ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳನ್ನು, ಅಂದರೆ ಪುಟ್ಟ ಡಬ್ಬಿಯಂಥ ಭಾಗಗಳನ್ನು, ಟಾರ್ಚ್ ಹಿಡಿದು ನೋಡಿ. ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಅಂಟು ಒಸರಿದ್ದರೆ, ಆ ಬೋರ್ಡ್ ಮಾರಬೇಡಿ.

ಅದರ ರ‍್ಯಾಮ್ ಚೆನ್ನಾಗಿದ್ದರೆ ಓಡುವ ಮಷೀನ್‌ಗೆ ಸೇರಿಸಿ 8 ಜಿಬಿ ಮಾಡಿ. ಆಗ ಅದಕ್ಕೆ ಬೆಲೆಯೂ ಏರುತ್ತದೆ. ನಿಮ್ಮದು ಡಿಡಿಆರ್3 ಬಗೆಯ ರ‍್ಯಾಮ್ ಇರುತ್ತದೆ, 240 ಪಿನ್. 288 ಪಿನ್‌ನ ಡಿಡಿಆರ್4 ಸ್ಲಾಟ್‌ಗೆ ಹೋಗಲ್ಲ, ಹಾಗಾಗಿ ಮಾರುವಾಗ ಚೀಟಿ ಅಂಟಿಸಿ. ಒಂದೊಂದೇ ಹಾಕಿ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಸಾಫ್ಟ್‌ವೇರ್ ರಾತ್ರಿಯಿಡೀ ಓಡಲಿ. ಒಂದೇ ಒಂದು ಎರರ್ ಬಂದರೂ ಪಕ್ಕಕ್ಕಿಡಿ.

ಪ್ರೊಸೆಸರ್ ತೆಗೆಯಲೇಬೇಕಾದರೆ ಒಂದು ಎಚ್ಚರಿಕೆ. ಈ ಬೋರ್ಡ್‌ಗಳಲ್ಲಿ ಪಿನ್ ಇರೋದು ಸಾಕೆಟ್‌ನಲ್ಲಿ, ಕೂದಲಿನಷ್ಟು ಸಣ್ಣವು. ಸ್ಕ್ರೂ ಡ್ರೈವರ್ ಜಾರಿ ಒಂದು ಬಗ್ಗಿದರೂ ಬೋರ್ಡ್ ಹೋಯಿತು ಅಂತಲೇ ಲೆಕ್ಕ.

ಪ್ರಶ್ನೆ: ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡಿ ಕೊಟ್ಟರೆ ಸಾಕಲ್ವಾ?

ಉತ್ತರ: ಸಾಲದು. ಕ್ವಿಕ್ ಫಾರ್ಮ್ಯಾಟ್ ಅಂದರೆ ಪುಸ್ತಕದ ಪರಿವಿಡಿ ಹರಿದ ಹಾಗೆ, ಪುಟಗಳೆಲ್ಲ ಅಲ್ಲೇ ಇರುತ್ತವೆ. ನಾನು ಒಮ್ಮೆ ಕೊಂಡ ಡಿಸ್ಕ್‌ನಲ್ಲಿ ರಿಕವರಿ ಸಾಫ್ಟ್‌ವೇರ್ ಓಡಿಸಿದಾಗ ಯಾರದೋ ಮನೆಯವರ ಆಧಾರ್, ಪಾಸ್‌ಬುಕ್, ಮಗಳ ಮಾರ್ಕ್ಸ್ ಕಾರ್ಡ್ ಎಲ್ಲ ಎದ್ದು ಬಂತು. ಅವತ್ತಿನಿಂದ ಪೂರ್ತಿ ಒರೆಸದೆ ಒಂದು ಡಿಸ್ಕ್ ಕೂಡ ಕೈ ದಾಟಿಸಿಲ್ಲ. ನಿಮ್ಮದು ಟೈಪಿಂಗ್ ಸೆಂಟರ್, ಊರವರ ಅರ್ಜಿಗಳೆಲ್ಲ ಅದರಲ್ಲೇ ಇವೆ.

ಡಿಸ್ಕ್ ಅನ್ನು ಬೇರೆ ಮಷೀನ್‌ಗೆ ಸೇರಿಸಿ, ವಿಂಡೋಸ್‌ನ ಡಿಸ್ಕ್‌ಪಾರ್ಟ್ ಅನ್ನೋ ಟೂಲ್‌ನಲ್ಲಿ 'ಕ್ಲೀನ್ ಆಲ್' ಕಮಾಂಡ್ ಕೊಡಿ. ಇಡೀ ಡಿಸ್ಕ್ ಮೇಲೆ ಸೊನ್ನೆ ಬರೆಯುತ್ತದೆ, ಒಂದೆರಡು ಗಂಟೆ ಹಿಡಿಯುತ್ತದೆ. ಕೊಡುವ ಮೊದಲು ಡಿಸ್ಕ್ ನಂಬರ್ ಎರಡು ಸಲ ನೋಡಿ. ತಪ್ಪಿದರೆ ನಿಮ್ಮ ಸ್ವಂತ ಡಿಸ್ಕ್ ಖಾಲಿಯಾಗುತ್ತದೆ. ಆಮೇಲೆ ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್‌ನಲ್ಲಿ 'ರೀಅಲೊಕೇಟೆಡ್ ಸೆಕ್ಟರ್' ಲೆಕ್ಕ, ಅಂದರೆ ಕೆಟ್ಟುಹೋಗಿ ಬದಲಿ ಜಾಗ ಪಡೆದ ಭಾಗಗಳ ಲೆಕ್ಕ, ನೋಡಿ. ಸೊನ್ನೆ ಅಲ್ಲದಿದ್ದರೆ ಮಾರಬೇಡಿ.

ಇನ್ನೊಬ್ಬರ ಪ್ರಶ್ನೆ: ಸತ್ತ ಬೋರ್ಡ್‌ನಿಂದ ಆಸಿಡ್ ಹಾಕಿ ಚಿನ್ನ ತೆಗೆಯೋ ವಿಡಿಯೋ ನೋಡಿದೆ. ಮನೆಯಲ್ಲಿ ಮಾಡಬಹುದಾ ಸರ್?

ಉತ್ತರ: ಖಂಡಿತ ಬೇಡ. ನೈಟ್ರಿಕ್ ಆಸಿಡ್‌ನ ಕಂದು ಹೊಗೆ ಶ್ವಾಸಕೋಶ ಸುಡುತ್ತದೆ. ಹಳೇ ಬೆಸುಗೆಯಲ್ಲಿ ಸೀಸವೂ ಇರಬಹುದು, ಉಳಿದ ಆ ನೀರನ್ನು ಎಲ್ಲಿ ಚೆಲ್ಲುತ್ತೀರಿ? ಒಂದು ಬೋರ್ಡ್‌ನಲ್ಲಿ ಇರುವ ಚಿನ್ನ ತೆಳು ಲೇಪ ಅಷ್ಟೇ. ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿಯನ್ನೂ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಉಳಿದಿರಬಹುದು. ಸತ್ತ ಬೋರ್ಡ್, ಎಸ್‌ಎಂಪಿಎಸ್ ಎರಡನ್ನೂ ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೇ ಕೊಡಿ, ರಸೀದಿ ತಗೊಳ್ಳಿ.