ಆರು ದಿನ, 1,500 ಕಿ.ಮೀ.: ವೇಗ, ನಿದ್ದೆ, ಖರ್ಚು ಹೊಂದಿಸಿಕೊಂಡ ಬಗೆ

ಪ್ರಶ್ನೆ: ಯಾರ ನೆರವೂ ಇಲ್ಲದೆ ತುಳಿಯಬೇಕಾದ 1,500 ಕಿ.ಮೀ. ಬೈಕ್‌ಪ್ಯಾಕಿಂಗ್ (ಸಾಮಾನನ್ನೆಲ್ಲ ಸೈಕಲ್‌ಗೇ ಕಟ್ಟಿಕೊಂಡು ಹೋಗುವ) ರೇಸ್‌ಗೆ ಮೊದಲ ಸಲ ಹೆಸರು ಕೊಟ್ಟಿದ್ದೇನೆ. ಗಡುವು ಆರು ದಿನ. ವೇಗ, ನಿದ್ದೆ, ದುಡ್ಡು ಮೂರನ್ನೂ ಹೇಗೆ ಹೊಂದಿಸಿಕೊಂಡಿರಿ?

ಮೊದಲ ಉತ್ತರ:
ಇಂಥವು ಎರಡು ಮುಗಿಸಿದ್ದೇನೆ, ಒಂದನ್ನು ಅರ್ಧಕ್ಕೆ ಬಿಟ್ಟಿದ್ದೇನೆ. ವೇಗಕ್ಕಿಂತ ನಿಂತ ಹೊತ್ತಿನ ಲೆಕ್ಕ ಇಡಿ. ದಿನಕ್ಕೆ 250 ಕಿ.ಮೀ. ಅಂದರೆ ಗಂಟೆಗೆ 20ರಂತೆ ಹನ್ನೆರಡೂವರೆ ಗಂಟೆ ತುಳಿತ. ಐದು ಗಂಟೆ ಮಲಗಿದರೂ ಆರೂವರೆ ಗಂಟೆ ಮಿಗುತ್ತದೆ, ಧಾರಾಳ ಅನ್ನಿಸುತ್ತದೆ. ಎದುರುಗಾಳಿಗೆ ವೇಗ 17ಕ್ಕೆ ಇಳಿದರೆ ಅದರಲ್ಲಿ ಎರಡು ಗಂಟೆಗೂ ಹೆಚ್ಚು ಹೋಯಿತು. ಉಳಿದದ್ದು ಅಂಗಡಿ ಮುಂದೆ ಕರಗುತ್ತದೆ: ಹೆಲ್ಮೆಟ್ ತೆಗೆದು, ಫೋನ್ ಹಿಡಿದು ಕೂತರೆ ನಲವತ್ತು ನಿಮಿಷ ಗೊತ್ತೇ ಆಗುವುದಿಲ್ಲ. ನಾನು ಹ್ಯಾಂಡಲ್ ಮೇಲೆ ಒಂದು ಟೇಪ್ ಅಂಟಿಸಿ ‘ನೀರು, ತಿಂಡಿ, ಶೌಚ, ಚಾರ್ಜ್’ ಎಂದು ಬರೆದುಕೊಂಡೆ. ನಾಲ್ಕೂ ಆದ ಕೂಡಲೇ ಹೊರಟುಬಿಡುವುದು. ತಿನ್ನುವುದನ್ನು ಸೈಕಲ್ ಮೇಲೇ ತಿನ್ನಿ.

ಯುರೋಪಿನ ಉದ್ದಕ್ಕೂ ಸಾಗುವ ಟ್ರಾನ್ಸ್‌ಕಾಂಟಿನೆಂಟಲ್ ಸೈಕಲ್ ರೇಸನ್ನು 2019ರಲ್ಲಿ ಜರ್ಮನಿಯ ಫಿಯೋನಾ ಕೋಲ್ಬಿಂಗರ್ ಗೆದ್ದದ್ದು 10 ದಿನ, ಚಿಲ್ಲರೆ ಗಂಟೆಗಳಲ್ಲಿ, ಸುಮಾರು 4,000 ಕಿ.ಮೀ. ನಿದ್ದೆ, ನಿಲುಗಡೆ ಎಲ್ಲ ಸೇರಿಸಿ ಭಾಗಿಸಿದರೆ ಗಂಟೆಗೆ 16–17 ಕಿ.ಮೀ. ಬರುತ್ತದೆ. ಆ ಅಂಕಿ ನೋಡಿದ ಮೇಲೆ ನಾನು ಮೊದಲ ದಿನ ಹಾರುವುದನ್ನು ಬಿಟ್ಟೆ. ಮಾತಾಡಲು ಉಸಿರು ಸಾಲದಷ್ಟು ಜೋರಾಗಿ ಏರು ಹತ್ತುವುದು ಬೇಡ, ಅದರ ಸಾಲ ಮೂರನೇ ದಿನ ಮೊಣಕಾಲು ತೀರಿಸುತ್ತದೆ.

ಇನ್ನೊಬ್ಬರು:
ನಿದ್ದೆಯಲ್ಲಿ ಮಾತ್ರ ಉಳಿತಾಯ ಮಾಡಬೇಡಿ, ದಯವಿಟ್ಟು. ಮೂರನೇ ರಾತ್ರಿ ಮೂರು ಗಂಟೆ ಸುಮಾರಿಗೆ ಇಳಿಜಾರಿನಲ್ಲಿ ನಾಯಿಯೊಂದು ಕೂತಿರುವಂತೆ ಕಂಡು ಗಕ್ಕನೆ ಬ್ರೇಕ್ ಒತ್ತಿದೆ. ಹತ್ತಿರ ಹೋದರೆ ಮೈಲಿಗಲ್ಲು. ಹಿಂಬದಿ ಚಕ್ರ ಜಾರಿದ್ದಷ್ಟೇ, ಬೀಳಲಿಲ್ಲ. ಆದರೆ ಅದಕ್ಕೂ ಮೊದಲಿನ ಹತ್ತು ಕಿ.ಮೀ. ಹೇಗೆ ಬಂದೆ ಎಂಬುದೇ ನೆನಪಿರಲಿಲ್ಲ. ಬಸ್ ತಂಗುದಾಣದ ಬೆಂಚಿನ ಮೇಲೆ ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು ಮಲಗಿದೆ, ಬೆಳಕು ಹರಿಯುವವರೆಗೆ ಅದು ಕಾಪಾಡಿತು. ಸತತ 17–19 ಗಂಟೆ ಎಚ್ಚರವಿದ್ದವರು ಮದ್ಯ ಕುಡಿದವರಷ್ಟೇ ನಿಧಾನವಾಗುತ್ತಾರೆ ಎಂಬುದು ಪ್ರಯೋಗಗಳಲ್ಲೇ ಕಂಡಿದೆ.

ಈಗ ನಾನು ರಾತ್ರಿ ಹನ್ನೊಂದಕ್ಕೆ ಇಳಿದು ನಾಲ್ಕಕ್ಕೆ ಏಳುತ್ತೇನೆ, ದೇಹ ತೀರಾ ಕುಸಿಯುವ ಹೊತ್ತು ಹಾಸಿಗೆಯಲ್ಲೇ ಕಳೆಯುತ್ತದೆ. ನಿದ್ದೆಯ ಒಂದು ಸುತ್ತು ಸರಿಸುಮಾರು ಒಂದೂವರೆ ಗಂಟೆ, ಹಾಗಾಗಿ ಅದಕ್ಕಿಂತ ಕಡಿಮೆಯಾದರೆ ಇಪ್ಪತ್ತು ನಿಮಿಷವೇ ಸಾಕು, ನಡುವೆ ಎದ್ದರೆ ತಲೆ ಭಾರ. ಬೆವರಿನ ಬಟ್ಟೆಯಲ್ಲಿ ಮಾತ್ರ ಮಲಗಬೇಡಿ, ಚಳಿ ಹಿಡಿದು ಎಚ್ಚರವಾಗುತ್ತದೆ. ಮಲಗಲು ಒಣ ಅಂಗಿಯೊಂದು ಬ್ಯಾಗಿನಲ್ಲಿರಲಿ.

ಮತ್ತೊಬ್ಬರು, ದುಡ್ಡಿನ ಬಗ್ಗೆ:
ರಸ್ತೆಯಲ್ಲಿ ದೊಡ್ಡ ಖರ್ಚು ಊಟದ್ದು, ಮನೆಯಲ್ಲಿ ತಿನ್ನುವುದರ ಎರಡು ಪಟ್ಟು ಹಿಡಿಯಿರಿ. ಹೊಸ ಟೈರ್, ಚೈನ್, ಬ್ರೇಕ್ ಪ್ಯಾಡ್‌ಗೆ ಹೊರಡುವ ಮೊದಲೇ ಖರ್ಚು ಮಾಡಿ. ರೂಮ್ ಮುಂಗಡ ಬುಕ್ ಮಾಡಿದರೆ ಅದೇ ನಿಮ್ಮ ವೇಗವನ್ನು ಕಟ್ಟಿಹಾಕುತ್ತದೆ, ಬದಲಿಗೆ ಎರಡು ರಾತ್ರಿಯ ಬಾಡಿಗೆ ಕೈಯಲ್ಲಿರಲಿ. ಮಳೆಯಲ್ಲಿ ತೊಯ್ದ ರಾತ್ರಿ ಆ ದುಡ್ಡನ್ನು ಹಿಂದೆಮುಂದೆ ನೋಡದೆ ಖರ್ಚು ಮಾಡಿ. ಗೆಳೆಯರ ಮನೆಯಲ್ಲಿ ಉಳಿಯುವ ಯೋಚನೆ ಬಿಡಿ. ಹಣ ಕೊಟ್ಟು ಎಲ್ಲರಿಗೂ ಸಿಗುವ ಸೌಕರ್ಯವನ್ನಷ್ಟೇ ಬಳಸಬೇಕೆಂಬುದು ಇಂಥ ರೇಸ್‌ಗಳ ಸಾಮಾನ್ಯ ನಿಯಮ. ಇನ್ನು ಅರ್ಧಕ್ಕೆ ಬಿಟ್ಟರೆ ಸೈಕಲ್ ಸಮೇತ ಮನೆ ಸೇರುವ ಹಣವನ್ನು ಬೇರೆ ಕಾರ್ಡಿನಲ್ಲಿ, ಬೇರೆ ಬ್ಯಾಗಿನಲ್ಲಿ ಇಡಿ.