ಸಹಾಯ ಬೇಕು: ಹಳೇ ಕೋಡ್ ಸರಿಮಾಡುವ ಕೆಲಸಕ್ಕೆ ರೈಸ್ ಸ್ಕೋರ್ ಕೊಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಪ್ರಾಡಕ್ಟ್ ಟೀಮ್. ಯಾವ ಕೆಲಸ ಮೊದಲು ಅಂತ ತೀರ್ಮಾನಿಸಲು ರೈಸ್ ಸ್ಕೋರ್ ಬಳಸುತ್ತೇವೆ. ರೀಚ್ (ಎಷ್ಟು ಜನರಿಗೆ ತಲುಪುತ್ತದೆ), ಇಂಪ್ಯಾಕ್ಟ್ (ಒಬ್ಬೊಬ್ಬರಿಗೆ ಎಷ್ಟು ಪರಿಣಾಮ), ಕಾನ್ಫಿಡೆನ್ಸ್ (ಅಂದಾಜಿನ ಮೇಲೆ ಎಷ್ಟು ನಂಬಿಕೆ) ಮೂರನ್ನೂ ಗುಣಿಸಿ ಎಫರ್ಟ್‌ನಿಂದ (ಬೇಕಾದ ಶ್ರಮ) ಭಾಗಿಸುವುದು. ಹೊಸ ಫೀಚರ್‌ಗಳಿಗೆ ಇದು ಚೆನ್ನಾಗಿದೆ. ತೊಂದರೆ ಇರುವುದು ಹಳೇ ಕೋಡ್ ಸರಿಮಾಡುವ ಕೆಲಸದಲ್ಲಿ. ಗ್ರಾಹಕರ ಕಣ್ಣಿಗೆ ಏನೂ ಬದಲಾಗುವುದಿಲ್ಲ, ಹಾಗಾಗಿ ಇಂಪ್ಯಾಕ್ಟ್‌ಗೆ ಎಲ್ಲರೂ ಅತಿ ಕಡಿಮೆ ಅಂಕವಾದ 0.25 ಕೊಡುತ್ತಾರೆ. ಎಫರ್ಟ್ ಮಾತ್ರ ಜಾಸ್ತಿ. ಪ್ರತಿ ಸಲವೂ ಪಟ್ಟಿಯ ತಳಕ್ಕೇ ಹೋಗುತ್ತದೆ. ಅದೇ ಕೋಡ್‌ನಿಂದ ರಿಲೀಸ್‌ಗಳು ತಡವಾಗುತ್ತಿವೆ, ಡೆವಲಪರ್‌ಗಳು ಸುಸ್ತಾಗಿದ್ದಾರೆ. ನೋಡಿ ಬೇಜಾರಾಗುತ್ತದೆ.

ಪ್ರತಿ ಸ್ಪ್ರಿಂಟ್‌ನಲ್ಲಿ (ಕೆಲವು ವಾರಗಳ ಕೆಲಸದ ಸುತ್ತು) ಈ ಕೆಲಸಕ್ಕೆ ಶೇ 20ರಷ್ಟು ಸಮಯ ತೆಗೆದಿಟ್ಟು ನೋಡಿದೆವು. ಅರ್ಜೆಂಟ್ ಬಗ್ ಬಂದ ಕೂಡಲೇ ಕತ್ತರಿ ಬೀಳುವುದು ಅದಕ್ಕೇ. ರೀಚ್‌ಗೆ ಡೆವಲಪರ್‌ಗಳನ್ನೇ ಎಣಿಸಿದೆವು, ಗ್ರಾಹಕರ ಸಂಖ್ಯೆಯ ಮುಂದೆ ಅದು ಲೆಕ್ಕಕ್ಕೇ ಬರಲಿಲ್ಲ.

ಇಂಥ ಕೆಲಸಕ್ಕೂ ರೈಸ್‌ನಲ್ಲೇ ಸರಿಯಾಗಿ ಅಂಕ ಕೊಡಬಹುದಾ, ಅಥವಾ ಬೇರೆ ಪಟ್ಟಿ ಮಾಡಬೇಕಾ? ಬೇರೆ ಮಾಡಿದವರು ಎರಡರ ನಡುವೆ ಸಮಯ ಹೇಗೆ ಹಂಚುತ್ತೀರಿ?