ಲೇಹ್ ಸುತ್ತಮುತ್ತ ಸಿಂಧೂ ಕಣಿವೆಯಲ್ಲಿ ಎಂಟಿಬಿ (ಮೌಂಟೇನ್ ಬೈಕ್ ಸೈಕಲ್) ಓಡಿಸಿದವರು ಯಾರಾದರೂ ಇದ್ದೀರಾ?

ಕೇಳಿದವರು:
ಆಗಸ್ಟ್‌ನಲ್ಲಿ ಹತ್ತು ದಿನ ರಜೆ ಸಿಕ್ಕಿದೆ. ನಾನೂ ನನ್ನ ತಮ್ಮನೂ ಲೇಹ್‌ಗೆ ವಿಮಾನದಲ್ಲಿ ಹೋಗಿ, ಸಿಂಧೂ ನದಿಯ ಆಚೀಚೆ ಮೌಂಟೇನ್ ಬೈಕ್ ಓಡಿಸಬೇಕು ಅಂತಿದ್ದೇವೆ. ತಿಂಗಳಿಗೆ ಎರಡು ಸಲ ನಂದಿ ಬೆಟ್ಟ ಹತ್ತುತ್ತೇವೆ, ಮಣ್ಣಿನ ದಾರಿಯ ಅಭ್ಯಾಸವೂ ಸ್ವಲ್ಪ ಇದೆ. ಇಳಿದ ಮರುದಿನವೇ ಜೀಪಿನಲ್ಲಿ ಖರ್ದುಂಗ್ ಲಾ ಅನ್ನುವ ಎತ್ತರದ ಕಣಿವೆಮಾರ್ಗಕ್ಕೆ ಹೋಗಿ ಅಲ್ಲಿಂದ ಸೈಕಲ್‌ನಲ್ಲಿ ಇಳಿದುಬಿಡೋಣ ಅನ್ನುತ್ತಾನೆ ತಮ್ಮ. ಇದು ಸರೀನಾ? ಸೈಕಲ್ ಇಲ್ಲಿಂದ ಒಯ್ಯಬೇಕಾ, ಅಲ್ಲೇ ಬಾಡಿಗೆಗೆ ತಗೊಳ್ಳೋದಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಉತ್ತರ 1:
ಮರುದಿನ ಖರ್ದುಂಗ್ ಲಾ ಬೇಡವೇ ಬೇಡ. ಇದೊಂದು ಮಾತು ನಿಮ್ಮ ತಮ್ಮನಿಗೆ ಗಟ್ಟಿಯಾಗಿ ಹೇಳಿ.

ನಾವು ನಾಲ್ಕು ಜನ ಹೋಗಿದ್ದೆವು. ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿ ಕಾಲಿನವನು, ನಂದಿ ಬೆಟ್ಟವನ್ನು ಉಸಿರೂ ಬಿಡದೆ ಹತ್ತುವವನು, ಎರಡನೇ ದಿನ ಆ ಕಣಿವೆಮಾರ್ಗದ ಮೇಲೆ ಜೀಪಿನಿಂದ ಇಳಿದು ಹೆಲ್ಮೆಟ್ಟಿನ ಬಕಲ್ ಹಾಕಲಾಗದೆ ನಿಂತಿದ್ದ. ಬೆರಳು ಮಾತು ಕೇಳುತ್ತಿರಲಿಲ್ಲ. ಆಮೇಲೆ ವಾಂತಿ, ತಲೆನೋವು. ಅವನನ್ನು ಅದೇ ಜೀಪಿನಲ್ಲಿ ಕೂಡಲೇ ಕೆಳಗಿಳಿಸಿದೆವು, ಹಾಗಾಗಿ ಉಳಿದ. ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ, ಲೇಹ್ 3,500. ಅಲ್ಲಿ ಇಳಿದ ಹೊತ್ತಿಗೇ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಭಾಗ ಮಾತ್ರ. ಖರ್ದುಂಗ್ ಲಾ ಮೇಲಿನ ಹಳೇ ಬೋರ್ಡು 18,380 ಅಡಿ ಅನ್ನುತ್ತಿತ್ತು, ಅಳೆದ ಲೆಕ್ಕದಲ್ಲಿ ಅದು 5,359 ಮೀಟರ್, ಅಂದರೆ 17,600 ಅಡಿ ಹತ್ತಿರ. ಅಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಕಾಲಲ್ಲಿ ಎಷ್ಟು ಕಸುವಿದೆ ಅನ್ನೋದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಗಟ್ಟಿ ಇರುವವರು ಹುಮ್ಮಸ್ಸಿನಲ್ಲಿ ಜಾಸ್ತಿ ಓಡಾಡಿ ಬೇಗ ಮಲಗುತ್ತಾರೆ, ಅಷ್ಟೇ.

ಮೊದಲ ಎರಡು ದಿನ ಸುಮ್ನೆ ಇರಿ. ಊಟ, ನೀರು, ನಿದ್ದೆ, ಸಂಜೆ ನಿಧಾನವಾಗಿ ಬಜಾರಿನವರೆಗೆ ನಡಿಗೆ. ಬಿಯರ್ ಮುಟ್ಟಬೇಡಿ. ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆ ಬೇಕಾ ಬೇಡವಾ ಅಂತ ಹೊರಡುವ ಮೊದಲೇ ನಿಮ್ಮ ಡಾಕ್ಟರನ್ನು ಕೇಳಿಕೊಳ್ಳಿ.

ಮೂರನೇ ದಿನ ಕಣಿವೆಯಲ್ಲೇ ಒಂದು ಸುತ್ತು. ಲೇಹ್‌ನಿಂದ ಚೋಗ್ಲಮ್‌ಸರ್‌ಗೆ ಇಳಿದು, ಶೇ, ಥಿಕ್ಸೆ ದಾಟಿ, ಸ್ಟಕ್ನಾ ಹತ್ತಿರ ಸೇತುವೆ ಮೇಲೆ ನದಿಯ ಆ ದಂಡೆಗೆ ಹೋಗಿ, ಮಾಥೋ, ಸ್ಟೋಕ್ ಊರುಗಳ ಮೂಲಕ ವಾಪಸ್. ಹೋಗುವಾಗ ಹೆದ್ದಾರಿ, ಮಿಲಿಟರಿ ಲಾರಿಗಳು ಸಾಲಾಗಿ ಬರುತ್ತವೆ, ಅದನ್ನು ಬೇಗ ಮುಗಿಸಿಬಿಡಿ. ಸೇತುವೆ ದಾಟಿದ ಮೇಲೆ ಪ್ರಪಂಚವೇ ಬೇರೆ. ಬಲಕ್ಕೆ ನದಿ, ಅದರಾಚೆ ಬರಡು ಕಂದು ಲಡಾಖ್ ಶ್ರೇಣಿ, ಎಡಕ್ಕೆ ಹಿಮ ಹೊತ್ತ ಸ್ಟೋಕ್ ಕಾಂಗ್ರಿ, ನಡುವೆ ಬಾರ್ಲಿ ಗದ್ದೆ, ಪಾಪ್ಲರ್ ಮರಗಳ ಸಾಲು. ಹೊಲದ ಬದು ಹಿಡಿದು ಹೋಗುವ ಮಣ್ಣಿನ ಹಾದಿಗಳು ಅಲ್ಲಿ ಬೇಕಾದಷ್ಟಿವೆ. ಆದರೆ ಹೊಲ ಹೊಲವೇ. ನೀರು ಬಿಟ್ಟ ಕಾಲುವೆಯ ಏರಿ ಮೇಲೆ ಟಯರ್ ಹತ್ತಿಸಬೇಡಿ, ಕುಸಿದರೆ ಒಂದು ಮನೆಯ ಬೆಳೆಗೆ ನೀರು ತಪ್ಪುತ್ತದೆ. ಆ ಊರುಗಳು ಬದುಕಿರುವುದೇ ಮೇಲಿನ ಹಿಮ ಕರಗಿ ಬರುವ ಆ ಸಣ್ಣ ಕಾಲುವೆಗಳಿಂದ.

ಬೆಳಿಗ್ಗೆ ಆರಕ್ಕೆ ಹೊರಡಿ. ಮಧ್ಯಾಹ್ನದ ಮೇಲೆ ಕಣಿವೆಯಲ್ಲಿ ಗಾಳಿ ಏಳುತ್ತದೆ, ನದಿ ಹರಿಯುವ ದಿಕ್ಕಿಗೆ ವಿರುದ್ಧವಾಗಿ ಮೇಲಕ್ಕೆ ಬೀಸುತ್ತದೆ. ನೀವು ಸ್ಟಕ್ನಾದಿಂದ ವಾಪಸ್ ಬರುವುದು ನದಿಯ ಜೊತೆಗೆ, ಅಂದರೆ ಅಷ್ಟೂ ದೂರ ಎದುರುಗಾಳಿ. ಅದರ ಮೇಲೆ ಕೊನೆಯ ಏಳೆಂಟು ಕಿ.ಮೀ. ಚೋಗ್ಲಮ್‌ಸರ್‌ನಿಂದ ಲೇಹ್‌ಗೆ ಬರೀ ಏರು. ನಾವು ಹನ್ನೊಂದಕ್ಕೆ ಹೊರಟು ಆ ಏರನ್ನು ಸೈಕಲ್ ತಳ್ಳಿಕೊಂಡೇ ಹತ್ತಿದೆವು.

ಉತ್ತರ 2:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನನ್ನದೊಂದು ಸೇರಿಸುತ್ತೇನೆ: ಲೇಹ್‌ನ ಪಶ್ಚಿಮಕ್ಕಿರುವ ಶಾಮ್ ಪ್ರದೇಶದ ಕಡೆಗೆ ಹೋಗದೆ ಬರಬೇಡಿ. ನಾನೂ ನನ್ನ ಗೆಳತಿಯೂ ಎರಡು ದಿನದಲ್ಲಿ ಮಾಡಿದೆವು. ಲಿಕಿರ್‌ವರೆಗೆ ಟ್ಯಾಕ್ಸಿ, ಮೇಲೆ ಸೈಕಲ್ ಕಟ್ಟಿಕೊಂಡು. ಲಿಕಿರ್‌ನಿಂದ ಯಾಂಗ್‌ಥಾಂಗ್, ಅಲ್ಲಿಂದ ಹೆಮಿಸ್ ಶುಕ್ಪಾಚನ್, ರಾತ್ರಿ ಅಲ್ಲೇ ಹೋಮ್‌ಸ್ಟೇ. ಮರುದಿನ ಇನ್ನೊಂದು ಲಾ (ಕಣಿವೆಮಾರ್ಗ) ದಾಟಿ ಟೆಮಿಸ್‌ಗಾಮ್, ಅಲ್ಲಿಂದ ಒಂದೇ ಇಳಿಜಾರು, ನುರ್ಲಾ ಹತ್ತಿರ ಮತ್ತೆ ಸಿಂಧೂ ಸಿಗುತ್ತದೆ. ಇದು ನಡೆಯುವವರ ಹಳೇ ದಾರಿ. ಈಗ ಅರ್ಧಕ್ಕರ್ಧ ಜೀಪ್ ರಸ್ತೆ ಬಂದಿದೆ, ಆದರೂ ಕಾಲುದಾರಿ ಪಕ್ಕದಲ್ಲೇ ಸಿಗುತ್ತಿರುತ್ತದೆ. ಎಲ್ಲೂ 4,000 ಮೀಟರ್ ದಾಟುವುದಿಲ್ಲ, ಅದೇ ಅದರ ದೊಡ್ಡ ಗುಣ.

ಇಳಿಯುವಾಗ ಒಂದು ಎಚ್ಚರಿಕೆ. ನಮ್ಮಲ್ಲಿ ಮಲೆನಾಡಿನ ಟ್ರೇಲ್ ಅಂದರೆ ಬೇರು, ಎಲೆ, ಒದ್ದೆ ಮಣ್ಣು ಅಲ್ವಾ? ಅಲ್ಲಿ ಒಣ ಜಲ್ಲಿ, ಅದರ ಮೇಲೆ ಹಿಟ್ಟಿನಂಥ ಧೂಳು. ತಿರುವಿನಲ್ಲಿ ಮುಂದಿನ ಬ್ರೇಕ್ ಒತ್ತಿದರೆ ಚಕ್ರ ಹಾಗೇ ಜಾರುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಬಿಟ್ಟುಬಿಡಿ. ಟಯರ್ ಗಾಳಿ ಸ್ವಲ್ಪ ಕಡಿಮೆ ಇರಲಿ.

ಊರ ಹೊರಗೆ ಉದ್ದಕ್ಕೆ ಮಣಿ ಗೋಡೆಗಳು ಸಿಗುತ್ತವೆ. ಮಂತ್ರ ಕೆತ್ತಿದ ಚಪ್ಪಟೆ ಕಲ್ಲುಗಳನ್ನು ಎದೆ ಎತ್ತರಕ್ಕೆ ಪೇರಿಸಿದ್ದು. ದಾರಿ ಅಲ್ಲಿ ಎರಡಾಗಿ ಒಡೆದು ಗೋಡೆಯ ಎರಡೂ ಬದಿಗೆ ಹೋಗುತ್ತದೆ. ಯಾವಾಗಲೂ ಎಡಗಡೆಯದು ಹಿಡಿಯಿರಿ, ಗೋಡೆ ನಿಮ್ಮ ಬಲಕ್ಕಿರಬೇಕು. ನಮ್ಮ ದೇವಸ್ಥಾನದ ಪ್ರದಕ್ಷಿಣೆಯ ಹಾಗೇ. ಯಾಂಗ್‌ಥಾಂಗ್ ಬಳಿ ಒಬ್ಬ ಅಜ್ಜಿ ನಾವು ಸರಿಯಾದ ಬದಿಗೆ ತಿರುಗಿದ್ದು ನೋಡಿ ದೂರದಿಂದಲೇ "ಜೂಲೆ" ಅಂತ ಕೈ ಎತ್ತಿದರು, ಹತ್ತಿರ ಹೋದಾಗ ಎರಡು ಹಿಡಿ ಏಪ್ರಿಕಾಟ್ ನನ್ನ ಹೆಲ್ಮೆಟ್ಟಿಗೇ ಸುರಿದರು. ಸೈಕಲ್ಲನ್ನು ಆ ಗೋಡೆಗೆ ಮಾತ್ರ ಒರಗಿಸಿ ನಿಲ್ಲಿಸಬೇಡಿ.

ಕೇಳಿದವರು:
ತುಂಬಾ ಉಪಕಾರ ಆಯ್ತು. ತಮ್ಮನಿಗೆ ಓದಿಸಿದೆ, ಒಪ್ಪಿಕೊಂಡ. ಸೈಕಲ್ ವಿಷಯ?

ಉತ್ತರ 3:
ನಾನು ಒಮ್ಮೆ ಒಯ್ದೆ, ಒಮ್ಮೆ ಅಲ್ಲೇ ಬಾಡಿಗೆಗೆ ತಗೊಂಡೆ. ಒಯ್ದಾಗ ವಿಮಾನದಲ್ಲಿ ಡಬ್ಬ ಯಾವುದರ ಕೆಳಗೆ ಸಿಕ್ಕಿತೋ, ಹಿಂದಿನ ಡಿರೇಲರ್ (ಗೇರ್ ಬದಲಿಸುವ ಭಾಗ) ಕೂರುವ ಹ್ಯಾಂಗರ್ ಬಾಗಿಹೋಗಿತ್ತು. ಗೇರ್ ಹಾಕಿದರೆ ಚಕ್ರದ ಕಡ್ಡಿಗೆ ಬಡಿಯುತ್ತಿತ್ತು. ಹ್ಯಾಂಗರ್ ಒಂದೊಂದು ಫ್ರೇಮಿಗೆ ಒಂದೊಂದು ಥರ, ಅಲ್ಲಿ ನನ್ನದು ಸಿಗಲಿಲ್ಲ. ಒಬ್ಬ ಮೆಕ್ಯಾನಿಕ್ ಅಲೆನ್ ಕೀ ತೂರಿಸಿ, ಒಂದು ಕಣ್ಣು ಮುಚ್ಚಿ, ಕೂದಲೆಳೆಯಷ್ಟೇ ಬಗ್ಗಿಸಿ ಬಗ್ಗಿಸಿ ಅರ್ಧ ಗಂಟೆಯಲ್ಲಿ ನೇರ ಮಾಡಿಕೊಟ್ಟರು. ಆದರೂ ಎರಡು ದಿನ ಭಯದಲ್ಲೇ ಓಡಿಸಿದೆ. ಹಾಗಾಗಿ ಒಯ್ಯುವುದಾದರೆ ಡಿರೇಲರ್ ಬಿಚ್ಚಿ ಬಟ್ಟೆ ಸುತ್ತಿ ಫ್ರೇಮಿನೊಳಗೆ ಕಟ್ಟಿ, ಡಿಸ್ಕ್ ರೋಟರ್ (ಬ್ರೇಕಿನ ತಟ್ಟೆ) ಬಿಚ್ಚಿ ಬೇರೆ ಇಡಿ, ನಿಮ್ಮ ಫ್ರೇಮಿನ ಹ್ಯಾಂಗರ್ ಒಂದು ಜಾಸ್ತಿ ಇಟ್ಟುಕೊಳ್ಳಿ.

ಹತ್ತೇ ದಿನ ಅಂದರೆ ನಾನಾದರೆ ಬಾಡಿಗೆ ಅನ್ನುತ್ತೇನೆ. ಹಿಂದಿನ ದಿನವೇ ಹೋಗಿ ಆರಿಸಿ. ಚಕ್ರ ತಿರುಗಿಸಿ ಅಲುಗಾಡುತ್ತದಾ ನೋಡಿ, ಬ್ರೇಕ್ ಪ್ಯಾಡ್ ಎಷ್ಟು ಸವೆದಿದೆ ಅಂತ ಕಣ್ಣಿಟ್ಟು ನೋಡಿ, ಲಿವರ್ ಹಿಡಿಯವರೆಗೂ ಬರುತ್ತಿದ್ದರೆ ಆ ಸೈಕಲ್ ಬೇಡ. ಪ್ಯಾಡ್ ಎರಡು ಜೊತೆ ಇಲ್ಲಿಂದಲೇ ಒಯ್ದರೂ ಆಯ್ತು, ಆದರೆ ಎಲ್ಲ ಬ್ರೇಕಿಗೂ ಒಂದೇ ಪ್ಯಾಡ್ ಕೂರುವುದಿಲ್ಲ, ಮೊದಲೇ ಮಾಡೆಲ್ ಕೇಳಿಕೊಳ್ಳಿ.

ಪಂಕ್ಚರ್ ಸಾಮಾನು ಇಬ್ಬರ ಹತ್ತಿರವೂ ಇರಲಿ. ಲೇಹ್ ಬೆರ್ರಿ ಅಂತ ಹಳದಿ ಜ್ಯೂಸ್ ಮಾರುತ್ತಾರಲ್ಲ, ಆ ಗಿಡದ ಮುಳ್ಳು ಗೊಬ್ಬಳಿ ಮುಳ್ಳಿನಷ್ಟೇ ಕೆಟ್ಟದ್ದು. ಹೊಲದ ಕಲ್ಲುಗೋಡೆಗಳ ಮೇಲೆ ಬೇಲಿಗೆ ಅದನ್ನೇ ಹೊದಿಸಿರುತ್ತಾರೆ, ಉದುರಿದ್ದು ಹಾದಿಯಲ್ಲಿ ಬಿದ್ದಿರುತ್ತದೆ. ಶೇ ಹತ್ತಿರ ಒಂದೇ ಬೆಳಿಗ್ಗೆ ಮೂರು ಟ್ಯೂಬ್ ಹೋಯಿತು ನಮಗೆ.

ಇನ್ನೊಂದು, ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ. ಒಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಬೇಕು. ನಕ್ಷೆ ಮೊದಲೇ ಫೋನಿಗೆ ಇಳಿಸಿಕೊಳ್ಳಿ.

ಉತ್ತರ 1:
ಖರ್ದುಂಗ್ ಲಾ ಬಿಟ್ಟೇಬಿಡಿ ಅಂತ ನಾನು ಹೇಳಿಲ್ಲ, ಕೊನೆಗೆ ಇಟ್ಟುಕೊಳ್ಳಿ. ಶಾಮ್ ಮುಗಿಸಿ ಬಂದು ಎಂಟನೇ ದಿನ ಹೋಗಿ. ಮೇಲಿನಿಂದ ಲೇಹ್‌ಗೆ ಹತ್ತಿರ ಹತ್ತಿರ 40 ಕಿ.ಮೀ., ಇಳಿಯುವ ಎತ್ತರ 1,850 ಮೀಟರ್ ಚಿಲ್ಲರೆ. ಮುಳ್ಳಯ್ಯನಗಿರಿ ತುದಿಯಿಂದ ಸಮುದ್ರದವರೆಗೆ ಒಂದೇ ಉಸಿರಿಗೆ ಇಳಿದ ಹಾಗೆ ಅಂದುಕೊಳ್ಳಿ. ಅದು ಟ್ರೇಲ್ ಅಲ್ಲ, ರಸ್ತೆ, ಎದುರಿಗೆ ಲಾರಿ ಬರುತ್ತದೆ. ಮೇಲ್ಭಾಗದಲ್ಲಿ ಆಗಸ್ಟ್‌ನಲ್ಲೂ ಬೆರಳು ಮರಗಟ್ಟುತ್ತದೆ, ಪೂರ್ತಿ ಬೆರಳಿನ ದಪ್ಪ ಗ್ಲೌಸ್ ಹಾಕಿಕೊಳ್ಳಿ. ದಾರಿಯಲ್ಲಿ ಸಿಗುವ ಸೌತ್ ಪುಲ್ಲು ಚೆಕ್‌ಪೋಸ್ಟಿನಲ್ಲಿ ನಿಂತು ಚಹಾ ಕುಡಿದು ರೋಟರ್ ಆರಲು ಬಿಡಿ. ಬ್ರೇಕ್ ಹಿಡಿದೇ ಇಳಿಯಬೇಡಿ, ಒತ್ತಿ ಬಿಟ್ಟು ಒತ್ತಿ ಬಿಟ್ಟು ಇಳಿಯಿರಿ.

ಒಂದು ಬೆಳಿಗ್ಗೆ ಉಳಿದರೆ ನಿಮ್ಮು ಹತ್ತಿರದ ಸಂಗಮಕ್ಕೆ ಹೋಗಿ, ಅಲ್ಲಿಂದ ಝನ್ಸ್ಕಾರ್ ನದಿ ಪಕ್ಕದಲ್ಲೇ ಚಿಲಿಂಗ್ ಕಡೆಗೆ. ಎರಡು ನದಿಗಳ ಎರಡು ಬಣ್ಣ ಕೂಡಿದ ಮೇಲೂ ಸ್ವಲ್ಪ ದೂರ ಬೇರೆ ಬೇರೆಯಾಗೇ ಹರಿಯುತ್ತವೆ. ಚಿಲಿಂಗ್‌ನಲ್ಲಿ ತಾಮ್ರ ಹಿತ್ತಾಳೆ ಕೆಲಸ ಮಾಡುವ ಮನೆಗಳಿವೆ, ನಾನು ಅಲ್ಲಿಂದ ತಂದ ಸೌಟು ಈಗಲೂ ನಮ್ಮಮ್ಮನ ಅಡುಗೆಮನೆಯಲ್ಲಿದೆ. ಆ ದಾರಿಯಲ್ಲಿ ಮಧ್ಯಾಹ್ನ ಗಾಳಿಗೆ ಮೇಲಿನಿಂದ ಕಲ್ಲು ಉರುಳುತ್ತದೆ. ಹನ್ನೊಂದರೊಳಗೆ ವಾಪಸ್ ಸಂಗಮಕ್ಕೆ ಬಂದಿರಬೇಕು.

ಕೇಳಿದವರು:
ಆಯ್ತು ಸರ್. ಮೊದಲು ಕಣಿವೆ ಸುತ್ತು, ಆಮೇಲೆ ಶಾಮ್, ಎಂಟನೇ ದಿನ ಖರ್ದುಂಗ್ ಲಾ. ಬಾಡಿಗೆ ಸೈಕಲ್ ಅಂತಲೇ ತೀರ್ಮಾನ ಮಾಡಿದೆವು, ಬರೀ ಪೆಡಲ್, ಹೆಲ್ಮೆಟ್, ಗ್ಲೌಸ್ ಒಯ್ಯುತ್ತೇವೆ. ಹೆಮಿಸ್ ಶುಕ್ಪಾಚನ್‌ನಲ್ಲಿ ಹೋಮ್‌ಸ್ಟೇ ಮೊದಲೇ ಹೇಳಿಡಬೇಕಾ?

ಉತ್ತರ 2:
ನಾವು ಹೇಳಿರಲಿಲ್ಲ, ಸಂಜೆ ನಾಲ್ಕಕ್ಕೆ ಹೋಗಿ ಕೇಳಿದೆವು, ಎರಡನೇ ಮನೆಯಲ್ಲೇ ಜಾಗ ಸಿಕ್ಕಿತು. ಊರಿನ ಹೆಸರಲ್ಲಿರುವ ಶುಕ್ಪಾ ಅಂದರೆ ಜುನಿಪರ್ ಮರ. ಆ ಹಳೇ ಮರಗಳ ತೋಪು ಈಗಲೂ ಇದೆ, ಬೆಳಿಗ್ಗೆ ಹೊರಡುವ ಮೊದಲು ನೋಡಿಕೊಂಡು ಹೋಗಿ.